ನಲವತ್ತೊಂಬತ್ತನೆಯ ಹಾಳೆ

ಸೆಪ್ಟೆಂಬರ್ 5, ಗುರುವಾರ. ಸಂಜೆ 6.

ಐದನೇ ಸೆಮಿಸ್ಟರ್ ಎ ಸೆಕ್ಷನ್ ಮುಗಿಯಿತು. ಇನ್ನು ಬಿ ಸೆಕ್ಷನ್, ಆಮೇಲೆ ಕಾಮರ್ಸಿನವರು. ಪ್ರಶ್ನಾವಳಿ ಹಂಚಿದಾಗ ಎಂದಿನ ಗೊಣಗಾಟ — ಹೆಸರು ಬರೆಯಬೇಕಾ, ಮಾರ್ಕ್ಸ್ ಇದೆಯಾ, ಪಕ್ಕದವನದು ನೋಡಿ ಬರೆಯಬಹುದಾ. ಹೆಸರು ಬೇಡ, ಒಂಟಿತನದ ಪ್ರಶ್ನೆಗೆ ಪಕ್ಕದವನದು ನೋಡಿ ಬರೆಯುವವನು ಒಂಟಿಯಲ್ಲ ಎಂದೆ. ನಕ್ಕರು. ಇಪ್ಪತ್ತು ಪ್ರಶ್ನೆ, ಹದಿನೈದು ನಿಮಿಷ. ಗಂಟೆ ಹೊಡೆಯುವಷ್ಟರಲ್ಲಿ ಮೇಜಿನ ಮೇಲೆ ರಾಶಿ.

ಒಂದೇ ತಕರಾರು. ರಿಜಿಸ್ಟರಿನಲ್ಲಿ ಐವತ್ತೆರಡು ಜನ, ಇವತ್ತು ಗೈರು ನಾಲ್ಕು. ನಲವತ್ತೆಂಟು ಹಾಳೆ ಇರಬೇಕು. ನಲವತ್ತೊಂಬತ್ತು ಇವೆ. ಮೂರು ಸಲ ಎಣಿಸಿದೆ. ಇವರು ಅಂಗಡಿಯಿಂದ ಬಂದು ಕೈಕಾಲು ತೊಳೆದುಕೊಂಡು ತಾವೂ ಎಣಿಸಿದರು. ನಲವತ್ತೊಂಬತ್ತೇ. ಕನ್ನಡಕದ ಅಂಗಡಿಯವರ ಮಾತು ಇನ್ನೇನಿರುತ್ತದೆ — “ಒಂದು ಸಲ ಕಣ್ಣು ಪರೀಕ್ಷೆ ಮಾಡಿಸ್ಕೋ. ಮನೆಯವರಿಗೆ ಫ್ರೀ.”

ಯಾರೋ ತರಲೆ ಎರಡು ತುಂಬಿಸಿರಬೇಕು. ಮುಂದಿನ ತಿಂಗಳು ಸೈಕಾಲಜಿ ಸೆಮಿನಾರ್. ವಿದ್ಯಾರ್ಥಿಗಳ ಒಂಟಿತನದ ಮೇಲೆ ಇದು ನನ್ನ ನಾಲ್ಕನೆಯ ಪೇಪರ್.

ಸೆಪ್ಟೆಂಬರ್ 6, ಶುಕ್ರವಾರ.

ಅಂಕ ಹಾಕಲು ಕುಳಿತೆ. ಕೊನೆಯ ಪ್ರಶ್ನೆಗೆ ಮಾತ್ರ ಸ್ವಂತ ವಾಕ್ಯದಲ್ಲಿ ಉತ್ತರ ಬರೆಯಬೇಕು: ನೀವು ಒಂದು ವಾರ ಕಾಲೇಜಿಗೆ ಬರದಿದ್ದರೆ ಮೊದಲು ಗಮನಿಸುವವರು ಯಾರು? ರೂಮ್‌ಮೇಟ್, ಬೆಸ್ಟ್ ಫ್ರೆಂಡ್, ಕ್ಯಾಂಟೀನಿನವನು ಎಂದೆಲ್ಲ ಬರೆದಿದ್ದಾರೆ. ಒಂದು ಹಾಳೆಯಲ್ಲಿ ಸಣ್ಣ, ದುಂಡನೆಯ ಅಕ್ಷರ:

“ಯಾರೂ ಇಲ್ಲ. ನಾನು ಬರುತ್ತಿರುವುದೇ ಯಾರಿಗೂ ಗೊತ್ತಿಲ್ಲ.”

ಎಂಥ ವಾಕ್ಯ. ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು ಪಕ್ಕದಲ್ಲಿ ಬರೆದುಕೊಂಡೆ — ಪೇಪರಿನ ಆರಂಭಕ್ಕೆ. ಒಂಟಿತನದಲ್ಲಿರುವವರ ಭಾಷೆಯಲ್ಲಿ ಅತಿಶಯೋಕ್ತಿ ಹೆಚ್ಚು ಎಂಬುದಕ್ಕೆ ಒಳ್ಳೆಯ ಉದಾಹರಣೆ.

ಒಂಟಿತನದ ಅಂಕ ಎಂಬತ್ತಕ್ಕೆ ಎಪ್ಪತ್ತಾರು. ಈ ತನಕ ಇಷ್ಟು ಯಾರಿಗೂ ಬಂದಿಲ್ಲ.

ಸೆಪ್ಟೆಂಬರ್ 9, ಸೋಮವಾರ. ಮಧ್ಯಾಹ್ನ 12.

ಮೊದಲು ಬರೆದುಬಿಡಬೇಕು.

ಬೆಳಗಿನ ಮೊದಲ ಪೀರಿಯಡ್. ಹಾಜರಿ ಕರೆದೆ. ಐವತ್ತು. ಆ ಹೆಚ್ಚಿನ ಹಾಳೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಒಂದು ಪ್ಯಾರಾ ಬರೆದುಕೊಳ್ಳಲು ಹೇಳಿ, ಅವರ ತಲೆ ಬಗ್ಗಿದ್ದಾಗ ಎಣಿಸಿದೆ. ಐವತ್ತೊಂದು. ಹಿಂದಿನಿಂದ ಎಣಿಸಿದೆ. ಐವತ್ತೊಂದು. ಗುರುತು ಹಾಕುವಾಗ ತಪ್ಪಾಯಿತು ಎಂದು ಸುಳ್ಳು ಹೇಳಿ ಇನ್ನೊಮ್ಮೆ ಕರೆದೆ. ನಂಬರ್ ಬಂದವರು ಎದ್ದು ನಿಂತು ಕೂರಲಿ ಎಂದೆ. ಎಲ್ಲರೂ ಎದ್ದರು, ಕೂತರು. ಒಬ್ಬಳು ಏಳಲೇ ಇಲ್ಲ. ಕಿಟಕಿಯ ಪಕ್ಕ, ಕೊನೆಯಿಂದ ಎರಡನೆಯ ಬೆಂಚು.

ಅವಳ ಮುಖ ನನಗೆ ಚೆನ್ನಾಗಿ ಗೊತ್ತು! ಹೋದ ತಿಂಗಳು ಮರೆವಿನ ಬಗ್ಗೆ ಪಾಠ ಮಾಡುವಾಗ ಅವಳೊಬ್ಬಳೇ ಸರಿಯಾದ ಉತ್ತರ ಕೊಟ್ಟಿದ್ದಳು. ವೆರಿ ಗುಡ್ ಎಂದಿದ್ದೆ.

ಅವಳು ತಲೆ ಎತ್ತಿ ನೇರ ನನ್ನನ್ನೇ ನೋಡಿದಳು. ಓಡಲಿಲ್ಲ. ನಾನು ಏನೂ ಆಗಿಲ್ಲವೆಂಬಂತೆ ಪಾಠ ಮುಂದುವರಿಸಿದೆ. ಏನು ಹೇಳಿದೆನೋ ದೇವರಿಗೇ ಗೊತ್ತು. ನಾಲ್ಕು ಗಂಟೆಗೆ ರೂಮಿಗೆ ಬಾ ಎಂದಿದ್ದೇನೆ.

ಅದೇ ದಿನ. ಸಂಜೆ 5.30.

ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತಳು, ಆಸ್ಪತ್ರೆಗೆ ಬಂದವರ ಹಾಗೆ.

“ನಿನ್ನ ರೋಲ್ ನಂಬರ್ ಏನಮ್ಮ?”

“ನಂದು ಇಲ್ಲ ಮೇಡಂ.”

“ಯಾವ ಸೆಕ್ಷನ್ನು?”

“ಈಗ ಯಾವುದೂ ಅಲ್ಲ. ಮೊದಲು ಬಿ.”

ಆಮೇಲೆ ಹೇಳಿದಳು. ಅಳದೆ, ಪಾಠ ಒಪ್ಪಿಸಿದ ಹಾಗೆ. ಎರಡನೇ ಸೆಮಿಸ್ಟರಿನಲ್ಲಿ ಹಾಸ್ಟೆಲ್ ಮಂಚದಿಂದ ಏಳಲು ಆಗದೆ ಹೋಯಿತಂತೆ. ಜ್ವರವಿಲ್ಲ, ನೋವಿಲ್ಲ. ಎದ್ದು ಹಲ್ಲುಜ್ಜುವುದೇ ಬೆಟ್ಟ ಹತ್ತಿದಂತೆ. ಎರಡು ತಿಂಗಳು. ಹಾಜರಾತಿ ಕೊರತೆ ಎಂದು ಹೆಸರು ತೆಗೆದರು, ಹಾಸ್ಟೆಲ್ ಬಿಡಿಸಿದರು. ಮನೆಗೆ ಹೋದಳು. ಅಪ್ಪ ಬಸ್ ಡ್ರೈವರ್, ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ಇವಳೇ. ಹೇಳಲು ಬಾಯಿ ಬರಲಿಲ್ಲ. ರಜೆ ಮುಗಿದ ದಿನ ಅಪ್ಪ ತಮ್ಮ ಬಸ್ಸಿನಲ್ಲೇ ಮುಂದಿನ ಸೀಟು ಹಿಡಿದು ಕೂರಿಸಿ ಕಳಿಸಿದರು. ಒಂದು ಲೇಡೀಸ್ ಪಿ.ಜಿ. ಸೇರಿದಳು. ಮರುದಿನ ಒಂಬತ್ತಕ್ಕೆ ಕಾಲೇಜಿಗೆ ಬಂದಳು. ಬಿ ಸೆಕ್ಷನ್ನಿನವರಿಗೆ ಗುರುತಿದೆಯೆಂದು ಎ ಸೆಕ್ಷನ್ನಿನಲ್ಲಿ ಕೂತಳು. ಯಾರೂ ಕೇಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ದಿನವೂ ಬಂದಿದ್ದಾಳೆ. ಹೆಸರಿದ್ದಾಗ ಬಾರದವಳು ಹೆಸರಿಲ್ಲದ ಮೇಲೆ ಒಂದು ದಿನವೂ ತಪ್ಪಿಸಿಲ್ಲ.

ಯಾಕೆ ಬರ್ತೀಯ ಎಂದು ಕೇಳಿದೆ. ಎಂಥ ಪ್ರಶ್ನೆ.

“ಎಲ್ಲಿಗೆ ಹೋಗಲಿ ಮೇಡಂ? ಒಂಬತ್ತರಿಂದ ನಾಲ್ಕರವರೆಗೆ ಎಲ್ಲಾದರೂ ಇರಬೇಕಲ್ಲ.”

ಆ ವಾಕ್ಯ ಅತಿಶಯೋಕ್ತಿಯಲ್ಲ. ನಾನು ಬರುತ್ತಿರುವುದೇ ಯಾರಿಗೂ ಗೊತ್ತಿಲ್ಲ — ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು.

ಸೆಪ್ಟೆಂಬರ್ 10, ಮಂಗಳವಾರ.

ಇವತ್ತು ಒಂದು ದಪ್ಪ ಕವರ್ ತಂದುಕೊಟ್ಟಳು. ಒಳಗೆ ಉತ್ತರ ಪತ್ರಿಕೆಗಳು. ಪರೀಕ್ಷೆಯ ದಿನಗಳಲ್ಲಿ ಇವಳು ಲೈಬ್ರರಿಯಲ್ಲಿ ಕಾದಿದ್ದು, ಜನ ಹೊರಬಂದ ಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಗಡಿಯಾರ ನೋಡಿಕೊಂಡು ಮೂರು ಗಂಟೆ ಬರೆಯುತ್ತಾಳೆ. ಎರಡು ದಿನ ಬಿಟ್ಟು ಕೆಂಪು ಪೆನ್ನಿನಲ್ಲಿ ತಾನೇ ತಿದ್ದುತ್ತಾಳೆ. ಎರಡು ಸೆಮಿಸ್ಟರಿನ ಹನ್ನೆರಡು ಪತ್ರಿಕೆ. ನನ್ನ ವಿಷಯದಲ್ಲಿ ತನಗೆ ಐವತ್ತೆಂಟು ಕೊಟ್ಟುಕೊಂಡಿದ್ದಾಳೆ. ನಾನಾಗಿದ್ದರೆ ಎಪ್ಪತ್ತು ದಾಟಿಸುತ್ತಿದ್ದೆ.

ಮನೆಯಲ್ಲಿ ಹೇಳಬೇಕಲ್ಲ ಎಂದೆ. ಹತ್ತು ದಿನ ಟೈಮ್ ಕೊಡಿ, ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಬೇಡ ಎಂದಳು. ಮಾತು ಕೊಟ್ಟೆ.

ಅಟೆಂಡರ್ ಹತ್ತಿರ ಸುಮ್ಮನೆ ಮಾತು ತೆಗೆದೆ. ಅವನಿಗೆ ಗೊತ್ತು. ಬೆಳಿಗ್ಗೆ ಬೀಗ ತೆಗೆಯುವ ಹೊತ್ತಿಗೆ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾಳಂತೆ. ಮಧ್ಯಾಹ್ನ ಹಿಂದಿನ ಮೆಟ್ಟಿಲ ಕೆಳಗೆ ಒಬ್ಬಳೇ ಡಬ್ಬಿ ಬಿಚ್ಚುತ್ತಾಳಂತೆ. ನನಗ್ಯಾಕೆ ಹೇಳಲಿಲ್ಲ ಅಂದದ್ದಕ್ಕೆ, ನೀವು ಕೇಳಲಿಲ್ಲವಲ್ಲ ಮೇಡಂ ಅಂದ.

ಸೆಪ್ಟೆಂಬರ್ 12, ಗುರುವಾರ.

ಇದನ್ನು ಬರೆಯಬಾರದು ಅನ್ನಿಸುತ್ತಿದೆ. ಬರೆಯುತ್ತೇನೆ.

ಅವಳನ್ನು ಮತ್ತೆ ಸೇರಿಸಿಕೊಳ್ಳಲು ದಾರಿಯಿದೆಯೇ ನೋಡೋಣವೆಂದು ಆಫೀಸಿಗೆ ಹೋಗಿ ಹಳೆಯ ಹಾಜರಾತಿ ಫೈಲ್ ಕೇಳಿದೆ. ಗುಮಾಸ್ತೆ ಬೀರುವಿನ ಮೇಲಿನಿಂದ ಧೂಳು ಕೊಡವಿ ಇಳಿಸಿದಳು. ಹೋದ ವರ್ಷದ ಏಪ್ರಿಲ್ 18. ಕೊರತೆಯವರ ಪಟ್ಟಿ. ಹನ್ನೊಂದು ಹೆಸರು, ಇವಳದು ನಾಲ್ಕನೆಯದು. ಪಕ್ಕದಲ್ಲಿ ಒಂದು ಕಾಲಂ — “ಮೆಂಟರ್ ಕರೆಸಿ ಮಾತನಾಡಿಸಿದ್ದಾರೆಯೇ?” ಹನ್ನೊಂದಕ್ಕೂ “ಹೌದು”. ಹನ್ನೊಂದೂ ಒಂದೇ ಶಾಯಿ, ಒಂದೇ ಕೈ.

ಕೆಳಗೆ ಮೆಂಟರ್ ಸಹಿ. ನನ್ನದು.

ಮೇಡಂ, ನೀರು ಕೊಡಲಾ ಎಂದು ಗುಮಾಸ್ತೆ ಕೇಳಿದ್ದು ಎಲ್ಲೋ ದೂರದಿಂದ ಕೇಳಿಸಿತು. ಆ ಹನ್ನೊಂದು ಜನರಲ್ಲಿ ಒಬ್ಬರನ್ನೂ ನಾನು ಕರೆಸಿಲ್ಲ. ಒಬ್ಬರನ್ನೂ. ಕರೆಸಿದ್ದರೆ ಇವಳು ಬಿ ಸೆಕ್ಷನ್ನಿನವಳೆಂದು ನೆನಪಿರಬೇಕಿತ್ತಲ್ಲ.

ಮನೆಗೆ ಬಂದು ಹಳೆಯ ಡೈರಿ ಹುಡುಕಿದೆ. ಏಪ್ರಿಲ್ 18ರ ಪುಟ ಸಿಕ್ಕಿತು. ನನ್ನದೇ ಅಕ್ಷರ: “ಒಂಟಿತನದ ಪೇಪರ್ ಕಳಿಸಲು ನಾಳೆ ಕೊನೆಯ ದಿನ. ಏನೇನೋ ಪಟ್ಟಿಗೆ ಸಹಿ ಹಾಕಿ ಬೇಗ ಮನೆಗೆ ಬಂದೆ. ಒಳ್ಳೆಯ ದಿನ.”

ಒಳ್ಳೆಯ ದಿನ.

ಅತ್ತೆ ಊಟಕ್ಕೆ ಕರೆದರು. ತಲೆನೋವು ಎಂದೆ. ಬಾಗಿಲ ಹತ್ತಿರ ಬಂದು ನಿಂತು, ತಲೆನೋವಿನ ಮುಖ ನಂಗೆ ಗೊತ್ತು, ಇದು ಅದಲ್ಲ ಅಂದು ಹೋದರು.

ಸೆಪ್ಟೆಂಬರ್ 13, ಶುಕ್ರವಾರ.

ಇವರಿಗೆ ಎಲ್ಲ ಹೇಳಿದೆ. ಕಣ್ಣು ಪರೀಕ್ಷೆಯ ತಮಾಷೆ ಮಾಡಿದ್ದಕ್ಕೆ ಬಹಳ ಪೇಚಾಡಿಕೊಂಡರು. ಒಬ್ಬಳೇ ಹೊತ್ತುಕೊಳ್ಳಬೇಡ, ವಿಭಾಗದ ಮುಖ್ಯಸ್ಥರಿಗೆ ಹೇಳು ಎಂದರು. ನನಗೂ ಯಾರಾದರೂ ಹೇಳಲಿ ಎಂದೇ ಇತ್ತು. ಮುಖ್ಯಸ್ಥರೊಬ್ಬರಿಗೆ ಹೇಳಿದರೆ ಮಾತು ತಪ್ಪಿದಂತಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಹೇಳಿದೆ. ಸಹಿಯ ವಿಷಯ ಬಿಟ್ಟು.

ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ... ಕೊನೆಗೆ ಅಂದರು, ಹೊರಗಿನವಳೊಬ್ಬಳು ಒಂದೂವರೆ ವರ್ಷ ನಮ್ಮ ಕ್ಯಾಂಪಸ್ಸಿನಲ್ಲಿ ಓಡಾಡಿದಳೇ? ಹೊರಗಿನವಳು! ಯೋಚಿಸಿ ಹೇಳುತ್ತೇನೆ, ನೀವು ಗಾಬರಿಯಾಗಬೇಡಿ ಎಂದರು.

ಸೆಪ್ಟೆಂಬರ್ 16, ಸೋಮವಾರ.

ಗೇಟಿನಲ್ಲಿ ಸಾಲು. ಇವತ್ತಿನಿಂದ ಐ.ಡಿ. ಕಾರ್ಡ್ ನೋಡಿಯೇ ಒಳಗೆ ಬಿಡಬೇಕೆಂದು ಆದೇಶ. ಅದನ್ನು ನೋಡಿದ್ದೇ ತರಗತಿಗೆ ಓಡಿದೆ. ಕಿಟಕಿಯ ಪಕ್ಕ ಖಾಲಿ.

ವಾಚ್‌ಮನ್ ಹೇಳಿದ: ಒಬ್ಬಳು ಬಂದಿದ್ದಳು ಮೇಡಂ, ಕಾರ್ಡು ಹಳೇದು. ಆಗಲ್ಲಮ್ಮ ಅಂದೆ. ವಾದ ಮಾಡಲೇ ಇಲ್ಲ. ಸರಿ ಅಣ್ಣ ಅಂತ ಹೇಳಿ ಹೋದಳು.

ಮುಖ್ಯಸ್ಥರ ಹತ್ತಿರ ಹೋಗಿ ಜಗಳವಾಡಿದೆ. ಅವರ ಮೇಲೆ ಕೂಗಿ ಏನು ಬಂತು? ಹೇಳಿದವಳು ನಾನು. ಅವಳ ಫೋನ್ ನಂಬರ್ ಕೂಡ ಕೇಳಿಟ್ಟುಕೊಂಡಿಲ್ಲ.

ಸೆಪ್ಟೆಂಬರ್ 17, ಮಂಗಳವಾರ. ಮಧ್ಯಾಹ್ನ 3.

ಅಟೆಂಡರ್ ಪಿ.ಜಿ. ಇರುವ ಬೀದಿ ಹೇಳಿದ. ಮೂರನೆಯ ಮಹಡಿ, ಒಂದು ಕೋಣೆಯಲ್ಲಿ ನಾಲ್ಕು ಮಂಚ. ನಿನ್ನೆ ಮಧ್ಯಾಹ್ನವೇ ಬ್ಯಾಗ್ ತೆಗೆದುಕೊಂಡು ಖಾಲಿ ಮಾಡಿದಳಂತೆ. ನಡೆಸುವಾಕೆಗೆ ಅವಳ ಬಗ್ಗೆ ಗೊತ್ತಿದ್ದುದು ಇಷ್ಟೇ: “ಕಾಲೇಜು ತಪ್ಪಿಸೋ ಹುಡುಗಿ ಅಲ್ಲ.”

ಅವಳ ಮಂಚ ನೋಡಿದೆ. ಹಾಸಿಗೆ ಸುತ್ತಿಟ್ಟಿತ್ತು.

ಸೆಪ್ಟೆಂಬರ್ 18, ಬುಧವಾರ.

ಫೈಲಿನಲ್ಲಿ ಅವಳ ಅಪ್ಪನ ನಂಬರ್ ಇತ್ತು. ಹತ್ತು ಗಂಟೆಗೆ ಮಾಡಿದೆ. ಕಾಲೇಜಿನಿಂದ ಎಂದೊಡನೆ ಅವರ ದನಿಯಲ್ಲಿ ಹಿಗ್ಗು.

“ಕಾಲೇಜಿನವರು ಫೋನ್ ಮಾಡಿದ್ದು ಇದೇ ಮೊದಲು ಮೇಡಂ. ಏನು, ಪ್ರೈಜ್ ಏನಾದರೂ ಬಂತಾ?”

ಮಗಳು ಫೋನ್ ಮಾಡಿದ್ದಳಾ ಎಂದು ಕೇಳಿದೆ. ಬೆಳಿಗ್ಗೆಯಷ್ಟೇ ಮಾತಾಡಿದ್ದಳಂತೆ, ಕ್ಲಾಸಿಗೆ ಹೋಗುತ್ತಿದ್ದೇನೆ ಅಂದಳಂತೆ. ಬದುಕಿದ್ದಾಳೆ ಎಂದು ಆಗ ಉಸಿರು ಬಂತು. ಹೇಳಿದೆ, ಎಲ್ಲವನ್ನೂ. ಹಿಂದೆ ಬಸ್ ಡಿಪೋದ ಗಲಾಟೆ. ಆಮೇಲೆ, ಈಗಲೇ ಅವಳಿಗೆ ಮಾಡುತ್ತೇನೆ ಎಂದು ಇಟ್ಟುಬಿಟ್ಟರು. ತಡೆಯುವಷ್ಟರಲ್ಲಿ ಇಟ್ಟಾಗಿತ್ತು.

ಹನ್ನೊಂದು ಗಂಟೆಗೆ ಅವರೇ ಮತ್ತೆ ಮಾಡಿದರು. ಮೇಡಂ ಎಲ್ಲ ಹೇಳಿದರು, ಬಯ್ಯಲ್ಲ, ಬಾ ಅಂದೆ. ಇಟ್ಟುಬಿಟ್ಟಳು. ಈಗ ಫೋನ್ ಸ್ವಿಚ್ ಆಫ್ ಮೇಡಂ ಎಂದರು.

ಸಂಜೆ 7. ಡ್ಯೂಟಿ ಬಿಟ್ಟು ಯೂನಿಫಾರಂನಲ್ಲೇ ಬಂದರು. ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಬರೆಸಿದೆವು. ಗುರುತು ಕೇಳಿದಾಗ ಅವರು ಕಣ್ಣಿನ ಕೆಳಗಿನ ಮಚ್ಚೆ, ಮೊಣಕೈಯ ಗಾಯದ ಕಲೆ ಎಲ್ಲ ಹೇಳಿದರು. ಯಾವ ಬಟ್ಟೆ ಹಾಕುತ್ತಾಳೆ ಎಂದು ಪೊಲೀಸರು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 19, ಗುರುವಾರ. ಮಧ್ಯಾಹ್ನ 2.

ಸಿಕ್ಕಿದಳು. ಸಿಕ್ಕಿದಳು. ಸಿಕ್ಕಿದಳು.

ಬೆಳಿಗ್ಗೆ ಹಲ್ಲುಜ್ಜುವಾಗ ಅವಳ ಮಾತೇ ಕಿವಿಯಲ್ಲಿತ್ತು — ಒಂಬತ್ತರಿಂದ ನಾಲ್ಕರವರೆಗೆ ಎಲ್ಲಾದರೂ ಇರಬೇಕಲ್ಲ. ಹಾಗಾದರೆ ಎಲ್ಲಿರುತ್ತಾಳೆ? ಬಾಯಿ ತೊಳೆಯದೆಯೇ ಫೋನ್ ಹಿಡಿದೆ. ಊರಿನ ಬೇರೆ ಕಾಲೇಜುಗಳಲ್ಲಿ ನನ್ನ ವಿಷಯ ಕಲಿಸುವವರು ಐದಾರು ಜನ. ಎಲ್ಲರಿಗೂ ಒಂದೇ ಮಾತು: ಐದನೇ ಸೆಮಿಸ್ಟರಿನ ಹಾಜರಿ ಕರಿ, ಆಮೇಲೆ ತಲೆ ಎಣಿಸು, ಕಣ್ಣಿನ ಕೆಳಗೆ ಮಚ್ಚೆ ಇರುವವಳಿದ್ದಾಳಾ ನೋಡು. ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಹತ್ತೂವರೆಗೆ ನನ್ನ ಹಳೆಯ ಗೆಳತಿಯ ಫೋನ್. ಪಿಸುಮಾತು. ತರಗತಿಯ ಹೊರಗಿನಿಂದ ಮಾಡಿದ್ದಳು.

“ನಂದು ಮೂವತ್ತೊಂಬತ್ತು ಹಾಜರಿ ಕಣೇ. ನಲವತ್ತೊಂದು ಜನ ಇದ್ದಾರೆ.”

“ಎರಡು?”

“ಎರಡು. ಕಣ್ಣಿನ ಕೆಳಗೆ ಮಚ್ಚೆ ಇರೋದು ನಿನ್ನವಳು. ಇನ್ನೊಬ್ಬಳು ಯಾರು ಅಂತ ನಂಗೆ ಗೊತ್ತಿಲ್ಲ.”

ಆಟೋದಲ್ಲಿ ಅಪ್ಪ, ನಾನು. ಬಾಗಿಲ ಗಾಜಿನಲ್ಲಿ ನೋಡಿದರೆ ಕಿಟಕಿಯ ಪಕ್ಕ ಬಗ್ಗಿ ನೋಟ್ಸ್ ಬರೆಯುತ್ತಿದ್ದಾಳೆ. ಗೆಳತಿ ಏನೂ ತಿಳಿಯದವಳಂತೆ ಪಾಠ ಮಾಡುತ್ತಿದ್ದಾಳೆ. ನಾನು ಬಾಗಿಲಿಗೆ ಕೈ ಹಾಕಿದೆ. ಅಪ್ಪ ತಡೆದರು.

“ಪಾಠ ಮುಗೀಲಿ ಮೇಡಂ.”

ಇಪ್ಪತ್ತು ನಿಮಿಷ ನಿಂತೆವು. ಗಂಟೆ ಹೊಡೆದು ಎಲ್ಲ ಹೊರಬಂದ ಮೇಲೆ ಕೊನೆಗೆ ಬಂದಳು. ಅಪ್ಪನನ್ನು ನೋಡಿ ಗೋಡೆಗೆ ಒರಗಿದಳು. ಅವರು ಹೋಗಿ ಹೆಗಲಿನ ಬ್ಯಾಗ್ ತೆಗೆದುಕೊಂಡು ಕೈಯಲ್ಲಿ ತೂಗಿ ನೋಡಿದರು.

“ಇಷ್ಟು ಭಾರ ಹೊತ್ಕೊಂಡು ಓಡಾಡ್ತಿದ್ಯಾ?”

ಆಗ ಅತ್ತಳು. ಒಂದೂವರೆ ವರ್ಷದ್ದು. ಕಾರಿಡಾರಿನಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ನೋಡಲಿ.

ಸೆಪ್ಟೆಂಬರ್ 23, ಸೋಮವಾರ.

ಡಾಕ್ಟರಿಗೆ ತೋರಿಸಿದರು. ಔಷಧಿ ಶುರುವಾಗಿದೆ, ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಅಪ್ಪ ಹಣ್ಣು ಹಿಡಿದುಕೊಂಡು ಮನೆಗೆ ಬಂದರು, ನನಗೆ ಥ್ಯಾಂಕ್ಸ್ ಹೇಳಲು. ನೀವು ದೇವರ ಹಾಗೆ ಬಂದಿರಿ ಎಂದು ಏನೋ ಶುರು ಮಾಡಿದರು. ತಡೆದುಕೊಳ್ಳಲಾಗಲಿಲ್ಲ. ಪಟ್ಟಿಯ ಜೆರಾಕ್ಸ್ ತಂದು ಎದುರಿಗಿಟ್ಟು ಸಹಿ ತೋರಿಸಿದೆ.

ಓದಿದರು. ಬೆರಳಿಟ್ಟು ಒಂದೊಂದೇ ಸಾಲು. ಅತ್ತೆ ತಂದ ಚಹಾ ಆರುತ್ತಿತ್ತು.

“ಒಂದು ಸಲ ಕರೆದು ಕೇಳಿದ್ದರೆ ಸಾಕಿತ್ತಲ್ಲ ಮೇಡಂ.”

ಅಷ್ಟೇ. ಬಯ್ಯಲಿಲ್ಲ. ಚಹಾ ಮುಟ್ಟದೆ ಎದ್ದು ಹೋದರು. ಅತ್ತೆ ಲೋಟ ಎತ್ತಿಕೊಂಡು, ಇವತ್ತು ಹೇಳಿದೆಯಲ್ಲ ಅಂದರು. ಬಾಗಿಲ ಹತ್ತಿರ ಹೋಗಿ ತಿರುಗಿ, ತಡ ಆಯ್ತು ಅಂತಲೂ ಅಂದರು.

ಅಕ್ಟೋಬರ್ 1, ಮಂಗಳವಾರ.

ನಿಯಮ ಹೀಗಿದೆ: ಮೆಂಟರ್ ಮಾತನಾಡಿಸದೆ ಹೆಸರು ತೆಗೆದಿದ್ದರೆ ಅದು ಕಾಲೇಜಿನ ತಪ್ಪು, ಮರುಪ್ರವೇಶ ಕೊಡಬೇಕು. ಅದಕ್ಕೆ ನಾನು ಬರೆದುಕೊಡಬೇಕು. ಮುಖ್ಯಸ್ಥರು ಬಾಗಿಲು ಹಾಕಿ, ಬಾಯಲ್ಲಿ ಹೇಳಿ ಸಾಕು, ಲಿಖಿತದಲ್ಲಿ ಬೇಡ, ನೌಕರಿಗೇ ಕುತ್ತು ಬರುತ್ತದೆ ಎಂದರು. ಒಳ್ಳೆಯದಕ್ಕೇ ಹೇಳಿದ್ದು. ಎಲ್ಲರೂ ಹಾಗೇ ಸಹಿ ಹಾಕುತ್ತಾರೆ ಎಂದೂ ಅಂದರು. ಅದು ನಿಜ. ಅದೇ ಹೆಚ್ಚು ಹೆದರಿಸಿತು.

ಬರೆದೆ. ನಾಲ್ಕು ಸಾಲು. ಆಫೀಸಿನಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬಂದೆ. ಸೆಮಿನಾರಿನವರಿಗೆ ಪೇಪರ್ ಇಲ್ಲವೆಂದು ತಿಳಿಸಿದೆ.

ಗೆಳತಿಯ ಫೋನ್: ಆ ಇನ್ನೊಬ್ಬಳನ್ನು ಮಾತನಾಡಿಸಿದಳಂತೆ. ಮೂರು ವರ್ಷದಿಂದ ಬರುತ್ತಿದ್ದಾಳೆ.

ಅಕ್ಟೋಬರ್ 8, ಮಂಗಳವಾರ.

ಮರುಪ್ರವೇಶದ ಕಮಿಟಿ ಸಭೆ ಮುಗಿಯಿತು. ಜನವರಿಯಿಂದ ಎರಡನೇ ಸೆಮಿಸ್ಟರಿಗೆ ಅವಳ ಮರುಪ್ರವೇಶ. ನನ್ನನ್ನು ಮೆಂಟರ್ ಕೆಲಸದಿಂದ ತೆಗೆದಿದ್ದಾರೆ, ವಿಚಾರಣೆ ಬಾಕಿ. ಬರಲಿ.

ಅವಳು ಬಂದಿದ್ದಳು. ಮುಖ ಸ್ವಲ್ಪ ಊದಿದೆ, ಔಷಧಿಯದಿರಬೇಕು. ಅಪ್ಪ ಸಹಿಯ ವಿಷಯ ಹೇಳಿದ್ದಾರೆ. ಕ್ಷಮಿಸು ಎಂದೆ. ಪರವಾಗಿಲ್ಲ ಎಂದು ಅನ್ನಲಿಲ್ಲ. ಕೇಳಿದಳು:

“ಲಿಸ್ಟಿನಲ್ಲಿ ಹನ್ನೊಂದು ಜನ ಇದ್ವಂತಲ್ಲ ಮೇಡಂ. ಉಳಿದವರು ಎಲ್ಲಿದ್ದಾರೆ?”

ಒಂದು ತಿಂಗಳಿಂದ ಆ ಪಟ್ಟಿ ನನ್ನ ಬ್ಯಾಗಿನಲ್ಲಿದೆ. ನಾನು ನೋಡಿದ್ದು ನಾಲ್ಕನೆಯ ಸಾಲು ಮತ್ತು ನನ್ನ ಸಹಿ. ಉಳಿದ ಹತ್ತು ನನಗೆ ಹೊಳೆದೇ ಇರಲಿಲ್ಲ. ಈಗಲೂ!

ಅಕ್ಟೋಬರ್ 11, ಶುಕ್ರವಾರ.

ಹತ್ತರಲ್ಲಿ ಎಂಟು ಫೋನ್ ಆಯಿತು. ಒಬ್ಬ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಾಲೇಜು ಬಿಟ್ಟು ಬಚಾವಾದೆ ಮೇಡಂ ಎಂದು ನಕ್ಕ. ಒಬ್ಬಳಿಗೆ ಮಗುವಾಗಿದೆ. ಇಬ್ಬರು ಬೇರೆ ಕಡೆ ಓದುತ್ತಿದ್ದಾರೆ. ಒಬ್ಬನ ತಾಯಿ ನಾನು ಯಾರೆಂದು ತಿಳಿದೊಡನೆ ಇಟ್ಟುಬಿಟ್ಟರು. ಮೂರು ನಂಬರ್ ಚಾಲ್ತಿಯಲ್ಲಿಲ್ಲ; ಬೇರೆ ದಾರಿ ಹುಡುಕಬೇಕು.

ಅಕ್ಟೋಬರ್ 12, ಶನಿವಾರ.

ಒಂಬತ್ತನೆಯ ಫೋನ್ ಎತ್ತಿದ್ದು ಆ ಹುಡುಗಿಯ ಅಕ್ಕ. ತಂಗಿ ಕಾಲೇಜು ಬಿಟ್ಟು ಬಂದಾಗಿನಿಂದ ಕೋಣೆ ಬಿಟ್ಟು ಬಂದಿಲ್ಲ. ತಟ್ಟೆ ಬಾಗಿಲಲ್ಲಿಟ್ಟರೆ ತೆಗೆದುಕೊಳ್ಳುತ್ತಾಳೆ. ಮಾತಿಲ್ಲ. ಡಾಕ್ಟರು ಬಂದರೆ ಒಳಗಿನಿಂದ ಚಿಲಕ. ಜನ ಏನಂದಾರೋ ಎಂದು ಯಾರಿಗೂ ಹೇಳಿಲ್ಲ.

“ನೀವು ಬರ್ತೀರಾ?” ಎಂದು ಕೇಳಿದಳು ಅಕ್ಕ. “ಯಾರೂ ಬಂದಿಲ್ಲ, ಅದಕ್ಕೆ ಕೇಳಿದೆ.”

ಅಕ್ಟೋಬರ್ 13, ಭಾನುವಾರ. ಬೆಳಿಗ್ಗೆ 11.40.

ಅವರ ಮನೆಯ ನಡುಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಡಿಸುವ ಎರಡು ಕುರ್ಚಿ, ಹೊಲಿಗೆ ಯಂತ್ರ, ಅರ್ಧ ಹೊಲಿದ ರವಿಕೆಗಳು. ಎದುರಿಗೆ ಹಸಿರು ಬಣ್ಣದ ಬಾಗಿಲು. ಹತ್ತು ಗಂಟೆಗೆ ಬಂದವಳು ಬಾಗಿಲ ಹೊರಗೆ ನಿಂತು ನಾನು ಯಾರು, ಯಾವ ಕಾಗದಕ್ಕೆ ಏನು ಬರೆದು ಸಹಿ ಹಾಕಿದೆ, ಎಲ್ಲ ಹೇಳಿದೆ. ಇಂಥವರನ್ನು ಹೊರಗೆ ಕರೆತರುವ ಉಪಾಯಗಳು ನನಗೆ ಬಹಳ ಗೊತ್ತು. ಪುಸ್ತಕ ತುಂಬ ಇವೆ. ಒಂದನ್ನೂ ಮಾಡಲಿಲ್ಲ. ಇಲ್ಲೇ ಕೂತಿರುತ್ತೇನೆ, ನಾಲ್ಕರ ಬಸ್ಸಿಗೆ ಹೋಗುತ್ತೇನೆ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ ಎಂದಷ್ಟೇ ಹೇಳಿ ಬಂದು ಕೂತೆ.

ಅಕ್ಕ ಅಡುಗೆಮನೆಯಲ್ಲಿದ್ದಾಳೆ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು. ಆಗಿನಿಂದ ನೋಡುತ್ತಿದ್ದೇನೆ, ಆ ಬೆಳಕಿಗೆ ಅಡ್ಡವಾಗಿ ಎರಡು ನೆರಳು. ಪಾದಗಳು. ಬಾಗಿಲ ಹಿಂದೆಯೇ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಾಳೋ —

ಚಿಲಕದ ಸದ್ದು. ಅಕ್ಕ ಸೌಟು ಹಿಡಿದೇ ಓಡಿ ಬಂದಳು. ಬಾಗಿಲು ತೆರೆಯುತ್ತಿದೆ. ಪೆನ್ನು ಮುಚ್ಚುತ್ತೇನೆ.